ತಮ್ಮಯ್ಯನವರ ಊಟದ ಕರೆ

ಇಲ್ಲಿ ತೆಂಗಿನ ತೋಟ ಇದ್ದಷ್ಟು ದಿನ ಈ ಜಾಗಕ್ಕೆ ಹೆಸರಿರಲಿಲ್ಲ. ಮರಗಳನ್ನೆಲ್ಲ ಕಡಿದು ಸೈಟು ಮಾಡಿ ಮಾರಿದ ಮೇಲೆ ‘ಕಲ್ಪವೃಕ್ಷ ಬಡಾವಣೆ’ ಎಂದು ಕಮಾನು ನಿಲ್ಲಿಸಿದರು. ಕಡೂರಿನಲ್ಲಿ ರೈಲ್ವೆ ಗೇಟು ದಾಟಿ ಬಂದರೆ ಆ ಕಮಾನು ಕಾಣುತ್ತದೆ. ಕಮಾನಿನ ಮೇಲೆ ಬರೆದಿರುವ ಎರಡು ತೆಂಗಿನ ಮರಗಳೇ ಈಗ ಬಡಾವಣೆಯಲ್ಲಿ ಉಳಿದಿರುವ ಮರಗಳು.

ನಾನು ಮದುವೆಯಾಗಿ ಇಲ್ಲಿಗೆ ಬಂದಾಗ ಇದ್ದದ್ದು ನಾಲ್ಕೈದು ಮನೆ. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರ ಮನೆಯವರು ಸೀನುತ್ತಿದ್ದರು. ನಮ್ಮ ಎದುರಿನ ಮನೆ ತಮ್ಮಯ್ಯನವರದು. ಪಕ್ಕದಲ್ಲಿ ಹನುಮಂತಯ್ಯ ಮೇಷ್ಟ್ರು ಮತ್ತು ತಿಪ್ಪಮ್ಮನವರದು. ಅವರ ಹಜಾರದಲ್ಲಿ ಬುದ್ಧನ ದೊಡ್ಡ ಪಟ, ಪಟದ ಕೆಳಗೆ ಮೇಷ್ಟ್ರ ಆರಾಮ ಕುರ್ಚಿ. ಈಗ ಪಟ ಎರಡಾಗಿದೆ. ಬುದ್ಧನ ಪಕ್ಕದಲ್ಲಿ ಮೇಷ್ಟ್ರೂ ತಿಪ್ಪಮ್ಮನವರೂ ಒಂದೇ ಚೌಕಟ್ಟಿನಲ್ಲಿ ಇದ್ದಾರೆ.

ತಮ್ಮಯ್ಯನವರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಊರು ಯಗಟಿ. ಅಲ್ಲಿ ಅವರ ತಂದೆ ಜಗಲಿಯ ಮೇಲೆ ಬೀದಿಗೆ ಮುಖ ಮಾಡಿ ಕೂತು ಉಣ್ಣುತ್ತಿದ್ದರಂತೆ. ಆದ್ದರಿಂದ ಕಡೂರಿನಲ್ಲಿ ಮನೆ ಕಟ್ಟಿಸುವಾಗ ಇವರು ಎಂಜಿನಿಯರ್ ಹತ್ತಿರ ಜಗಳವಾಡಿ, ಕಾರು ನಿಲ್ಲಿಸುವ ಜಾಗದಲ್ಲಿ ಜಗಲಿ ಹಾಕಿಸಿದರು. ಕಾರು ಇರಲಿಲ್ಲವಾದ್ದರಿಂದ ನಷ್ಟವೇನೂ ಆಗಲಿಲ್ಲ.

“ಬಾಗ್ಲಾಕ್ಕೊಂಡು ಉಣ್ಣೋನು ಕಳ್ಳ ಕಣವ್ವ,” ಎಂದು ನನಗೆ ಮೊದಲ ವಾರವೇ ಹೇಳಿದ್ದರು.

ಮಧ್ಯಾಹ್ನ ಅವರು ತಟ್ಟೆ ಹಿಡಿದು ಜಗಲಿಗೆ ಬಂದರೆಂದರೆ, ರಸ್ತೆಯಲ್ಲಿ ಯಾರು ಹೋದರೂ ಒಂದು ಕರೆ ಬರುತ್ತಿತ್ತು. “ಬನ್ನಿ, ಊಟ ಮಾಡಾನ!”

ಈ ಕರೆಗೆ ಒಂದು ಶಾಸ್ತ್ರವಿದೆ. ಅದನ್ನು ಯಾವ ವಿಶ್ವವಿದ್ಯಾಲಯದಲ್ಲೂ ಹೇಳಿಕೊಡುವುದಿಲ್ಲ. ನಾನು ಎರಡು ವರ್ಷ ಓದಿ ಎಂ.ಎ. ಮಾಡಿದ್ದರಿಂದ ಖಚಿತವಾಗಿ ಹೇಳಬಲ್ಲೆ. ಉಣ್ಣುವವರು ಕರೆಯಬೇಕು. ಹೋಗುವವರು “ಆಯ್ತು, ನೀವು ಮಾಡಿ” ಎನ್ನಬೇಕು. ಅಷ್ಟಕ್ಕೆ ಮುಗಿಯಿತು. ಕರೆದವನ ಮರ್ಯಾದೆ ಉಳಿಯಿತು, ಕರೆಸಿಕೊಂಡವನ ಮರ್ಯಾದೆಯೂ ಉಳಿಯಿತು, ಪಾತ್ರೆಯಲ್ಲಿ ಅನ್ನವೂ ಉಳಿಯಿತು. ನಿಜವಾಗಿ ಉಣ್ಣಿಸಬೇಕೆಂದಿದ್ದರೆ ಮೂರು ಸಲ ಕರೆದು, ರಟ್ಟೆ ಹಿಡಿದು ಎಳೆಯಬೇಕು. ಒಂದನೇ ಕರೆಗೇ ಚಪ್ಪಲಿ ಬಿಡುವವನನ್ನು ನಮ್ಮ ಕಡೆ ಯಾರೂ ಕಂಡಿಲ್ಲ.

ಮೇಷ್ಟ್ರು ಕೊಡೆ ಎತ್ತಿ “ನೀವು ಮಾಡಿ ತಮ್ಮಯ್ಯ” ಎನ್ನುತ್ತಿದ್ದರು. ತಿಪ್ಪಮ್ಮನವರು “ನಮ್ದು ಈಗ್ತಾನೆ ಆಯ್ತು ಕಣಣ್ಣ, ಏನ್ ಸಾರು?” ಎಂದು ಕೇಳಿ, ಸಾರಿನ ವಿಚಾರ ಪೂರ್ತಿ ತಿಳಿದುಕೊಂಡೇ ಹೋಗುತ್ತಿದ್ದರು. ನನ್ನ ಗಂಡ ಹೇಮಂತ್ ಸ್ಕೂಟರ್ ನಿಲ್ಲಿಸದೆ “ಆಯ್ತು ಮಾವಾ, ನೀವ್ ಮಾಡೀ” ಎಂದು ಕೂಗುತ್ತಿದ್ದರು. ಆ ಕೂಗು ಕೇಳಿದ ಮೇಲೆ ನಾನು ಒಳಗೆ ತಟ್ಟೆ ಹಾಕುತ್ತಿದ್ದೆ. ಈಗ ಅವರಿಲ್ಲ. ಸ್ಕೂಟರನ್ನು ನಾನು ಓಡಿಸುತ್ತೇನೆ. ಉತ್ತರವನ್ನೂ ನಾನೇ ಹೇಳುತ್ತೇನೆ. ಅಷ್ಟು ಗಟ್ಟಿಯಾಗಿ ಬರುವುದಿಲ್ಲ.

ಹೀಗೆ ಉತ್ತರ ಬಲ್ಲವರು ಒಬ್ಬೊಬ್ಬರಾಗಿ ಕಡಿಮೆಯಾದರು. ಹೆದ್ದಾರಿ ಅಗಲವಾಯಿತು, ಸೈಟುಗಳೆಲ್ಲ ಮನೆಗಳಾದವು, ಎಲ್ಲೆಲ್ಲಿಯವರೋ ಬಂದರು. ತಮ್ಮಯ್ಯನವರ ಕರೆ ಮಾತ್ರ ನಿಲ್ಲಲಿಲ್ಲ.

ಮೊದಲು ಸಿಕ್ಕಿದವನು ಮಹತೋ. ಟೈಲ್ಸ್ ಹಾಕುವ ಕೆಲಸದವನು, ಬಿಹಾರದವನು, ಹೆಂಡತಿಯ ಜೊತೆ ಕೊನೆಯ ಸಾಲಿನಲ್ಲಿ ಬಾಡಿಗೆಗೆ ಬಂದಿದ್ದ. ಮಧ್ಯಾಹ್ನ ಹೋಗುತ್ತಿದ್ದವನಿಗೆ ಎಂದಿನಂತೆ ಕರೆ ಹೋಯಿತು. ಅವನಿಗೆ ಮಾತು ಅರ್ಥವಾಗಲಿಲ್ಲ. ತಟ್ಟೆ ಅರ್ಥವಾಯಿತು.

“ಖಾನಾ? ಹಮ್?” ಎಂದು ಎದೆಯ ಮೇಲೆ ಕೈಯಿಟ್ಟು ಕೇಳಿದ.

ತಮ್ಮಯ್ಯನವರಿಗೆ ಹಿಂದಿ ಬರುತ್ತದೆಂಬ ಹೆಮ್ಮೆ. ಬಸ್ಸಿನಲ್ಲಿ ಕಲಿತದ್ದು. “ಹಾಂ ಹಾಂ! ಆಗೇ ಚಲೋ, ಆಗೇ ಚಲೋ!” ಎಂದರು. ಬಾಗಿಲಲ್ಲಿ ಜೋತುಬಿದ್ದ ಪ್ರಯಾಣಿಕರನ್ನು ಒಳಗೆ ತಳ್ಳುವಾಗ ಹೇಳುತ್ತಿದ್ದ ಮಾತು ಅದು. ಮಹತೋ ಮುಂದೆ ಬಂದ. ನಲ್ಲಿಯಲ್ಲಿ ಕೈಕಾಲು ತೊಳೆದ. ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

ತಮ್ಮಯ್ಯನವರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಆದರೆ ಯಗಟಿಯ ಮರ್ಯಾದೆ. “ಪಾಪೀ, ಇನ್ನೊಂದ್ ತಟ್ಟೆ!” ಎಂದು ಒಳಗಿದ್ದ ಹೆಂಡತಿಗೆ ಕೂಗಿದರು.

ಪಾಪಮ್ಮತ್ತೆ ತಟ್ಟೆ ತಂದಿಟ್ಟರು. ಮಹತೋ ಮುದ್ದೆ ಮುರಿದು ಬಾಯಿಗಿಟ್ಟು ಅಗಿಯತೊಡಗಿದ. ಮುದ್ದೆ ನುಂಗುವ ಪದಾರ್ಥ. ಅಗಿದರೆ ಹಲ್ಲಿಗೂ ಅಂಗುಳಕ್ಕೂ ಅಂಟಿಕೊಂಡು ಬಾಯಿ ತೆರೆಯಲಾಗುವುದಿಲ್ಲ. ತಮ್ಮಯ್ಯನವರು “ಅಗೀಬ್ಯಾಡ ಕಣಪ್ಪ! ಇಂಗೆ, ಇಂಗೆ!” ಎಂದು ಕೊಕ್ಕರೆಯ ಹಾಗೆ ಕತ್ತು ಚಾಚಿ ನುಂಗಿ ತೋರಿಸಿದರು. ಮಹತೋ ಬಲುಬೇಗ ಕಲಿತ. ಕಲಿತ ಸಂತೋಷಕ್ಕೆ ಮುದ್ದೆ ಪೂರ್ತಿ ಮುಗಿಸಿ, ಕೈಮುಗಿದು, ಹೋದ.

ಆ ಮನೆಯಲ್ಲಿ ಬೆಳಿಗ್ಗೆ ಆಗಿದ್ದದ್ದು ಎರಡೇ ಮುದ್ದೆ. ಎರಡನೆಯದು ಪಾಪಮ್ಮತ್ತೆಯದು.

ಆಮೇಲೆ ಸಿಕ್ಕಿದವರು ಶೀಜಾ. ಕೇರಳದವರು, ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಕರೆದ ಕೂಡಲೇ “ಓ, ಥ್ಯಾಂಕ್ಸ್ ಅಂಕಲ್, ತುಂಬಾ ಹಸಿವು” ಎಂದು ಬಂದು ಕೂತರು. ಆಮೇಲೆ ಬ್ಯಾಂಕಿನ ಪಾಟೀಲರು. ಅವರು ವಿಜಯಪುರದ ಕಡೆಯವರಾದರೂ ಕನ್ನಡಿಗರೇ, ಇವರಿಗಾದರೂ ಶಾಸ್ತ್ರ ಗೊತ್ತಿರುತ್ತದೆಂದು ತಮ್ಮಯ್ಯನವರು ಧೈರ್ಯವಾಗಿ ಎರಡು ಸಲ ಕರೆದರು. ಪಾಟೀಲರು ಬೈಕು ನಿಲ್ಲಿಸಿ, “ಹಿರಿಯರು ಕರದ್ರ ಒಲ್ಲೆ ಅನ್ನಬಾರದ್ರೀ” ಎಂದು ಶೂ ಬಿಚ್ಚಿದರು. “ರೊಟ್ಟಿ ಇಲ್ಲೇನ್ರೀ? ಇರ್ಲಿ ಬಿಡ್ರಿ, ಇದಽ ನಡೀತದ.”

ಹಾರ್ಡ್‌ವೇರ್ ಅಂಗಡಿಯ ಭೀಮಾರಾಮನ ತಾಯಿ ಇನ್ನೂ ಶಿಸ್ತಿನವರು. ರಾಜಸ್ಥಾನದಿಂದ ಬಂದು ಹತ್ತು ವರ್ಷವಾಗಿ ಕನ್ನಡ ಕಲಿತಿದ್ದರು. ಕರೆದ ದಿನ ಬರಲಿಲ್ಲ. “ಇವತ್ತು ಉಪವಾಸ. ಬೇರೆ ದಿನ ಹೇಳಿ. ನಾವು ಆರು ಜನ. ಈರುಳ್ಳಿ ಬೇಡ,” ಎಂದು ಹೇಳಿ ಹೋದರು.

ಅವತ್ತು ಪಾಪಮ್ಮತ್ತೆ ನಮ್ಮ ಮನೆಗೆ ಬಂದು ಬಾಗಿಲ ಹತ್ತಿರ ಕೂತರು.

“ನೋಡು ಸ್ಪೂರ್ತಿ, ಬಡ್ಸೋಕೆ ನಂಗೇನೂ ಬ್ಯಾಸ್ರ ಇಲ್ಲ. ಆದ್ರೆ ಇವ್ರು ಕರ್ದಾಗ್ಲೆಲ್ಲ ನನ್ನ ತಟ್ಟೆ ಹೊರಗೋಗ್ತದೆ. ಅವಲಕ್ಕಿ ತಿಂದೂ ತಿಂದೂ ನಾನು ಕೃಷ್ಣನ ಕುಚೇಲ ಆಗ್ಬಿಟ್ಟಿದೀನಿ. ಮದ್ವೆಯಾಗಿ ಇಷ್ಟ್ ಕಾಲ ಆಯ್ತು, ಬೀದೀಲಿ ಹೋಗೋರ್ನೆಲ್ಲ ಊಟಕ್ಕೆ ಬನ್ನಿ ಅಂದವ್ರೆ. ಒಳಗಿರೋಳ್ನ ಒಂದಿನ ಬಾ ಅಂದಿದ್ರೆ ಕೇಳು.”

ಅದೇ ಸಂಜೆ ಜಗಲಿಯ ಮುಂದೆ ನಿಂತು ತೀರ್ಪು ಹೇಳಿದರು. “ಇನ್ನೊಬ್ರು ಊಟಕ್ಕೆ ಅಂತ ಈ ಜಗಲಿ ಹತ್ತಿದ್ರೆ ನಾನು ಬುಕ್ಕಾಂಬುಧಿಗೆ ಹೋಯ್ತೀನಿ. ನಮ್ಮಣ್ಣನ ಮನೇಲಿ ನಂಗೊಂದ್ ಮುದ್ದೆ ಐತೆ. ಮತ್ತೆ ಬರಕಿಲ್ಲ.”

ತಮ್ಮಯ್ಯನವರು ಹೆದರಿದರು. ಹೆಂಡತಿ ಬರಕಿಲ್ಲ ಎಂದರೆ ಬರುವುದಿಲ್ಲ. ಹಿಂದೊಮ್ಮೆ ಮಾತು ಬಿಟ್ಟಾಗ ದೀಪಾವಳಿಯಿಂದ ಯುಗಾದಿಯವರೆಗೆ ಬಿಟ್ಟಿದ್ದರು. ತಮ್ಮಯ್ಯನವರಿಗೆ ಬರುವ ಅಡುಗೆಯೆಂದರೆ ಟೀ. ಅದಕ್ಕೂ ಸಕ್ಕರೆ ಡಬ್ಬ ಯಾವುದೆಂದು ಕೇಳಬೇಕು.

ಅವರು ಸಲಹೆಗೆ ಹೋದದ್ದು ಮೇಷ್ಟ್ರ ಮಗ ಚಂದ್ರಕುಮಾರನ ಹತ್ತಿರ. ತಾಲ್ಲೂಕು ಕಚೇರಿಯಲ್ಲಿ ಕೆಲಸ, ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಅಡ್ಮಿನ್. ಶುಕ್ರವಾರ ಸಂಜೆ ಪಾಪಮ್ಮತ್ತೆ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ಚಂದ್ರಣ್ಣ ಜಗಲಿಗೆ ಬಂದ. ಕರಿಬೇವು ಕೊಡಲು ಹೋಗಿದ್ದ ನಾನೂ ಅಲ್ಲೇ ನಿಂತೆ.

“ಕರಿಯೋದು ಬಿಟ್ಬಿಡಿ ಮಾವ, ಆಯ್ತಲ್ಲ,” ಎಂದ ಚಂದ್ರಣ್ಣ.

“ಬಾಯಿಗೆ ಬಂದ್ಬಿಡ್ತದೆ ಕಣೋ. ನಿನ್ನೆ ಬಾಯ್ ಮುಚ್ಕೊಂಡೇ ಉಣ್ಣಾಕೆ ನೋಡ್ದೆ. ತುತ್ತು ಒಳೀಕೆ ಹೋಗ್ಬೇಕಲ್ಲ, ಬಾಯ್ ತಗ್ದೆ. ತಗ್ದಾಗ ಯಾವನೋ ಹೋಯ್ತಿದ್ದ.”

“ಒಳಗೆ ಕೂತು ಉಣ್ಣಿ.”

“ನಾನೇನ್ ಕಳ್ಳನೇನೋ?”

ಚಂದ್ರಣ್ಣ ಯೋಚಿಸಿದ. “ಹಂಗಾದ್ರೆ ಗ್ರೂಪಲ್ಲಿ ಹೇಳ್ಬಿಡಿ. ಇದು ನಮ್ಮ ಕಡೆ ಪದ್ಧತಿ, ಕರೆದ್ರೆ ‘ನೀವು ಮಾಡಿ’ ಅಂದು ಹೋಗ್ತಿರ್ಬೇಕು ಅಂತ. ಬರೆದ್ರೆ ಯಾರೂ ಓದಲ್ಲ, ಬಾಯಲ್ಲೇ ಹೇಳಿ.” ಮೊಬೈಲ್ ತೆಗೆದು ಮೈಕಿನ ಗುರುತಿನ ಮೇಲೆ ಅವರ ಹೆಬ್ಬೆರಳು ಇಡಿಸಿದ. “ಮಾತು ಮುಗಿಯೋವರ್ಗೂ ಬೆರಳು ತೆಗೀಬೇಡಿ.”

ತಮ್ಮಯ್ಯನವರು ಗಂಟಲು ಸರಿಮಾಡಿಕೊಂಡರು. ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವ ದನಿ.

“ಎಲ್ರಿಗೂ ನಮಸ್ಕಾರ. ನಾನು ತಮ್ಮಯ್ಯ, ಜಗಲಿ ಮನೆ. ವಿಷ್ಯ ಏನಪ್ಪಾ ಅಂದ್ರೆ, ನಾನು ದಿನಾ ಊಟಕ್ಕೆ ಕರೀತೀನಲ್ಲ, ಅದ್ಕೆ ಇನ್ಮೇಲೆ ಯಾರೂವೆ... ಯಾರೂವೆ...”

ನಿಂತರು. ‘ಬರಬೇಡಿ’ ಎಂಬ ಮಾತು ಬಾಯಿಯವರೆಗೆ ಬಂದು, ಮಹತೋನ ಮೊದಲ ಮುದ್ದೆಯ ಹಾಗೆ ಅಂಗುಳಕ್ಕೆ ಅಂಟಿಕೊಂಡಿತು. ಯಗಟಿಯಲ್ಲಿ ಅವರ ತಂದೆ, ತಾತ, ಮುತ್ತಾತ ಯಾರೂ ಆಡದ ಮಾತು ಅದು. ಚಂದ್ರಣ್ಣ ಕೈಸನ್ನೆಯಿಂದ ಮುಂದಕ್ಕೆ, ಮುಂದಕ್ಕೆ ಎಂದ.

“ಯಾರೂವೆ ಸಂಕೋಚ ಪಟ್ಕೋಬ್ಯಾಡಿ!” ಎಂದುಬಿಟ್ಟರು. ಒಮ್ಮೆ ಬಾಗಿಲು ತೆರೆದ ಮೇಲೆ ಉಳಿದದ್ದು ತಾನಾಗಿ ನುಗ್ಗಿತು. “ನಿಮ್ಮನೆ ಅಂತ ತಿಳ್ಕೊಳ್ಳಿ. ಒಬ್ಬೊಬ್ರೇ ಯಾಕೆ, ಭಾನುವಾರ ಎಲ್ರೂ ಬಂದ್ಬಿಡಿ. ಭೀಮಾರಾಮನ ತಾಯೀರೇ, ಈರುಳ್ಳಿ ಹಾಕ್ಸಕಿಲ್ಲ.”

ತಾವು ಏನು ಹೇಳಿದೆವೆಂದು ತಮ್ಮಯ್ಯನವರಿಗೆ ಆಗ ಹೊಳೆಯಿತು. ಕಾದ ಹೆಂಚು ಮುಟ್ಟಿದವರಂತೆ ಬೆರಳು ಎತ್ತಿದರು. ಬೆರಳು ಎತ್ತಿದರೆ ಸಂದೇಶ ಹೋಗುತ್ತದೆ ಎಂಬುದನ್ನು ಚಂದ್ರಣ್ಣ ಹೇಳಿರಲಿಲ್ಲ.

“ಅಳಿಸೋ, ಅಳಿಸೋ!”

“ಪಾಟೀಲ್ರು ಕೇಳಾಯ್ತು ಮಾವ. ಹೆಬ್ಬೆಟ್ಟು ಹಾಕವ್ರೆ.” ಮೊಬೈಲ್ ಟಿಂಗ್ ಎಂದಿತು. “ಶೀಜಾ ಸಿಸ್ಟರೂ ಹಾಕಿದ್ರು.” ಮತ್ತೆ ಟಿಂಗ್. “ಭೀಮಾರಾಮ್. ಆರು ಅಂತ ಹಾಕವ್ನೆ.”

ಹಳಬರೂ ಉತ್ತರಿಸಿದರು. ಎಲ್ಲರದೂ ಒಂದೇ: ಆಯ್ತು, ನೀವು ಮಾಡಿ.

ಪಾಪಮ್ಮತ್ತೆಗೆ ತಿಳಿಯದಂತೆ ಶನಿವಾರ ಕಳೆಯಿತು. ಚಂದ್ರಣ್ಣ ಹೋಟೆಲಿಂದ ತರಿಸೋಣವೆಂದ. “ಮನೆಗೆ ಕರ್ದು ಹೋಟ್ಲೂಟ ಹಾಕಿದ್ರೆ ನಮ್ಮಪ್ಪ ಎದ್ದು ಬತ್ತಾನೆ” ಎಂದು ತಮ್ಮಯ್ಯನವರು ಒಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ಎದ್ದು ಹೇಗಾದರೂ ಹೆಂಡತಿಯ ಕಾಲಿಗೆ ಬೀಳುವುದೆಂದು ನಿಶ್ಚಯಿಸಿ ಮಲಗಿದರು. ಆದರೆ ಭಾನುವಾರ ಬೆಳಿಗ್ಗೆ ಅವರಿಗಿಂತ ಮೊದಲು ಭೀಮಾರಾಮನ ತಾಯಿ ಎದ್ದು, ಗೇಟಿನ ಹತ್ತಿರ ನಿಂತು, “ಬಹೆನ್‌ಜೀ, ಬೆಳ್ಳುಳ್ಳಿ ಕೂಡ ಬೇಡ” ಎಂದು ಪಾಪಮ್ಮತ್ತೆಗೆ ನೆನಪಿಸಿ ಹೋಗಿದ್ದರು.

ತಮ್ಮಯ್ಯನವರು ಏಳುವಷ್ಟರಲ್ಲಿ ಒಲೆ ತಣ್ಣಗಿತ್ತು. ಪಾಪಮ್ಮತ್ತೆ ಬುಕ್ಕಾಂಬುಧಿಗೆಂದು ಅಜ್ಜಂಪುರದ ಮೊದಲ ಬಸ್ಸಿಗೆ ಹೋಗಿ ಆಗಿತ್ತು. ತಮ್ಮ ಮೊಬೈಲನ್ನು ಅಕ್ಕಿ ಡಬ್ಬದ ಮೇಲೆ ಬಿಟ್ಟು ಹೋಗಿದ್ದರು.

ಮಧ್ಯಾಹ್ನದ ಹೊತ್ತಿಗೆ ತಮ್ಮಯ್ಯನವರು ನಮ್ಮ ಮನೆಯ ಹಿಂಬಾಗಿಲಿನಿಂದ ಒಳಗೆ ಬಂದರು. ಕೈಯಲ್ಲಿ ಬೀಗದ ಕೈ. ಮುಖ ಇಳಿದಿತ್ತು.

“ಮನೆಗೆ ಬೀಗ ಹಾಕ್ಬುಟ್ಟೆ ಕಣವ್ವ. ಊರಲ್ಲಿಲ್ಲ ಅಂದ್ಕೊಂಡು ಹೋಯ್ತಾರೆ. ಆಮ್ಯಾಕೆ ಬುಕ್ಕಾಂಬುಧಿ ಬಸ್ ಹತ್ತೀನಿ. ಅವ್ಳು ಬರ್ಲಿಲ್ಲ ಅಂದ್ರೆ ನಾನೂ ಅಲ್ಲೇ ಕೆರೆ ಏರಿ ಮ್ಯಾಲೆ ಕೂತ್ಕೋತೀನಿ.”

ನಾನು ತಟ್ಟೆಗೆ ಅನ್ನ ಹಾಕಿಕೊಂಡಿದ್ದೆ. “ಬನ್ನಿ ಮಾವ, ಊಟ ಮಾಡೋಣ” ಎಂದೆ.

“ಆಯ್ತು, ನೀನು ಮಾಡವ್ವ,” ಎಂದು ಕಿಟಕಿಯ ಕೆಳಗೆ ನೆಲದ ಮೇಲೆ ಕೂತರು. ಅವರ ಹೊಟ್ಟೆ ಗುರುಗುಟ್ಟಿದ್ದು ನನಗೆ ಕೇಳಿಸಿತು. ಎರಡನೇ ಸಲ ಕರೆಯುವಷ್ಟರಲ್ಲಿ ಎದುರು ಗೇಟಿನ ಸದ್ದಾಯಿತು.

“ಏನ್ ಮಾಡ್ತಾವ್ರೆ ನೋಡವ್ವ.”

ನಾನು ಪರದೆ ಸರಿಸಿ ನೋಡಿದೆ. “ಬೀಗ ನೋಡ್ತಿದ್ದಾರೆ.”

“ಹೋಯ್ತಾವ್ರಾ?”

“ಇಲ್ಲ. ಕೂತ್ಕೋತಿದ್ದಾರೆ.”

ಅವರ ಯಾರ ಊರಿನಲ್ಲೂ ಬರಿಗೈಯಲ್ಲಿ ಊಟಕ್ಕೆ ಹೋಗುವ ಪದ್ಧತಿ ಇಲ್ಲವೆಂದು ಕಾಣುತ್ತದೆ. ಮಹತೋನ ಹೆಂಡತಿ ಬಟ್ಟೆ ಮುಚ್ಚಿದ ಬುಟ್ಟಿ ತಂದಿದ್ದಳು. ಪಾಟೀಲರ ಕೈಯಲ್ಲಿ ಜೋಳದ ರೊಟ್ಟಿಯ ಗಂಟು, ಶೀಜಾ ಕೈಯಲ್ಲಿ ಮೀನಿನ ಸಾರಿನ ಡಬ್ಬ. ಭೀಮಾರಾಮನ ಮನೆಯ ಆರೂ ಜನ ಒಂದೊಂದು ಪಾತ್ರೆ ಹಿಡಿದಿದ್ದರು, ಜೊತೆಗೆ ಕಾಗದದ ತಟ್ಟೆಗಳ ಒಂದು ಕಟ್ಟು. ತಾಯಿ ಮೀನಿನ ಡಬ್ಬ ನೋಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಜಗಲಿಯ ಆ ತುದಿಗೆ ಹೋಗಿ ಕೂತರು.

“ಹಿರಿಯರು ಬಾಳಿ ಎಲಿ ತರಾಕ ಹೋಗಿರಬೇಕ್ರೀ,” ಎಂದರು ಪಾಟೀಲರು.

“ಕಾಯೋಣ,” ಎಂದ ಭೀಮಾರಾಮ್.

ಕಾದರು. ಶೀಜಾ ಗಡಿಯಾರ ನೋಡಿ ಡ್ಯೂಟಿಗೆ ಹೊತ್ತಾಯಿತೆಂದರು. ಹಸಿದು ಹೋಗಬಾರದೆಂದು ಪಾಟೀಲರು ಗಂಟು ಬಿಚ್ಚಿದರು. ಅವರೊಬ್ಬರೇ ತಿಂದರೆ ಚೆನ್ನಾಗಿರುವುದಿಲ್ಲವೆಂದು ಮಹತೋ ಬುಟ್ಟಿ ತೆರೆದ. ಕೆಂಡದಲ್ಲಿ ಸುಟ್ಟ ಹಿಟ್ಟಿನ ಉಂಡೆಗಳು, ತುಪ್ಪದ ವಾಸನೆ. ನೋಡುನೋಡುತ್ತ ಜಗಲಿ ತುಂಬ ಊಟ ನಡೆಯಿತು. ಪಾಟೀಲರು ಉಂಡೆಯನ್ನು ನುಂಗಲು ಹೋಗಿ ಕೆಮ್ಮಿದರು. ಮಹತೋ ಅವರ ಬೆನ್ನು ಗುದ್ದಿ, ಅಗಿಯಬೇಕು ಎಂದು ದವಡೆ ಆಡಿಸಿ ತೋರಿಸಿದ.

ವಾಸನೆ ರಸ್ತೆ ದಾಟಿ ನಮ್ಮ ಕಿಟಕಿಗೆ ಬಂತು. ತಮ್ಮಯ್ಯನವರು ನೆಲದ ಮೇಲೆ ಕೂತಲ್ಲೇ ಮೂಗು ಎತ್ತಿದರು.

“ನಮ್ ಜಗಲೀಲಿ ಉಣ್ತಾವ್ರಾ? ನಾನಿಲ್ದೆ?”

ಎದ್ದು, ಪಂಚೆ ಸರಿಮಾಡಿಕೊಂಡು, ಮುಂಬಾಗಿಲಿನಿಂದಲೇ ಹೊರಟರು. ನಾನೂ ಗೇಟಿನವರೆಗೆ ಹೋದೆ. ಅವರು ರಸ್ತೆಯ ಮಧ್ಯಕ್ಕೆ ಬರುವುದಕ್ಕೂ ಜಗಲಿಯವರು ತಲೆ ಎತ್ತುವುದಕ್ಕೂ ಸರಿಹೋಯಿತು. ಎಲ್ಲರ ಮುಖವೂ ಅರಳಿತು. ಮಹತೋ ಕೈ ಎತ್ತಿದ. ಆಮೇಲೆ ಎಲ್ಲರೂ ಸೇರಿ, ತಮ್ಮಯ್ಯನವರಿಂದಲೇ ಕಲಿತದ್ದನ್ನು, ಅವರದೇ ರಾಗದಲ್ಲಿ ಕೂಗಿದರು:

“ಬನ್ನೀ, ಊಟ ಮಾಡಾನಾ!”

ಒಬ್ಬ ಮನುಷ್ಯ ಬದುಕೆಲ್ಲ ಕೂಗಿದ ಮಾತು ಒಂದೇ ದಿನ ಅವನಿಗೆ ತಿರುಗಿ ಬಂದರೆ ಏನು ಮಾಡಬೇಕೋ ತಮ್ಮಯ್ಯನವರಿಗೆ ತಿಳಿಯಲಿಲ್ಲ. ಆದರೆ ಬಾಯಿಗೆ ತಿಳಿದಿತ್ತು.

“ಆಯ್ತು, ನೀವು ಮಾಡಿ,” ಎಂದಿತು.

“ಹೌದಾ? ಸರಿ ಅಂಕಲ್,” ಎಂದರು ಶೀಜಾ. ಎಲ್ಲರೂ ಊಟ ಮುಂದುವರಿಸಿದರು.

ತಮ್ಮಯ್ಯನವರು ರಸ್ತೆಯ ಮಧ್ಯದಲ್ಲಿ ನಿಂತರು. ಎರಡನೇ ಕರೆ ಬರಬೇಕು. ಬರಲಿಲ್ಲ. ಕೆಮ್ಮಿದರು. ಪಾಟೀಲರು ನೋಡಿ, ನಕ್ಕು, ಇನ್ನೊಂದು ರೊಟ್ಟಿ ಮುರಿದರು. ತಮ್ಮಯ್ಯನವರು ಎರಡು ಹೆಜ್ಜೆ ಮುಂದೆ ಹೋಗಿ, ಕರೆಗೆ ಅವಕಾಶ ಕೊಡುವಂತೆ, “ನಮ್ದು ಈಗ್ತಾನೆ ಆಯ್ತು” ಎಂದರು. ಗೊತ್ತಿದ್ದವರು ಇದ್ದಿದ್ದರೆ ಈ ಮಾತಿಗೆ ಖಂಡಿತ ರಟ್ಟೆ ಹಿಡಿದು ಎಳೆಯುತ್ತಿದ್ದರು.

“ಎಲ್ಲಿ ಆಯ್ತು?” ಎಂದು ಭೀಮಾರಾಮನ ತಾಯಿ ಆಸಕ್ತಿಯಿಂದ ಕೇಳಿದರು.

“ಸ್ಪೂರ್ತಿ ಮನೇಲಿ.”

“ಅಚ್ಛಾ, ಅಚ್ಛಾ,” ಎಂದು ಅವರು ತೃಪ್ತಿಯಿಂದ ತಲೆಯಾಡಿಸಿದರು. ಮಹತೋ ಕೊನೆಯ ಉಂಡೆಗಳನ್ನು ಎಣಿಸಿ ಹಂಚಲು ಶುರುಮಾಡಿದ. ನಾನು ನಗು ತಡೆಯಲು ಗೇಟಿನ ಕಂಬಿ ಹಿಡಿದುಕೊಂಡೆ. ನಗು ಬಂದು ಬಹಳ ದಿನವಾಗಿತ್ತು.

ಆಗ ತಿರುವಿನಲ್ಲಿ ಆಟೋ ಬಂತು. ಇಳಿದವರು ಪಾಪಮ್ಮತ್ತೆ. ಸೀರೆಯೆಲ್ಲ ಧೂಳು.

ಬುಕ್ಕಾಂಬುಧಿಯಲ್ಲಿ ಅಣ್ಣನ ಮನೆಗೂ ಬೀಗವಂತೆ. ಎಲ್ಲರೂ ತರೀಕೆರೆಗೆ ಮದುವೆಗೆ ಹೋಗಿದ್ದರು. ಕೆರೆ ಏರಿಯ ಮೇಲೆ ಸ್ವಲ್ಪ ಹೊತ್ತು ಕೂತು, ನೀರು ನೋಡಿ, ಬಂದ ದಾರಿಯಲ್ಲೇ ಬಂದಿದ್ದರು. ಇದೆಲ್ಲ ಆಮೇಲೆ ತಿಳಿದದ್ದು. ಆಗ ನಾವು ಕಂಡದ್ದು ಅವರ ಕಣ್ಣು ಮಾತ್ರ. ಆ ಕಣ್ಣು ಜಗಲಿಯ ಜನವನ್ನು ನೋಡಿತು, ಬೀಗ ನೋಡಿತು, ರಸ್ತೆಯ ಮಧ್ಯದಲ್ಲಿ ನಿಂತ ಗಂಡನನ್ನು ನೋಡಿತು.

“ಲೇ, ಪಾಪೀ, ನಾನಲ್ಲ ಕಣೇ, ಅವ್ರೇ...” ಎಂದು ತಮ್ಮಯ್ಯನವರು ಶುರುಮಾಡಿದರು.

ಪಾಪಮ್ಮತ್ತೆ ಆಟೋದವನ ಕಡೆ ತಿರುಗಿದರು. “ನಿಂತ್ಕೊಳಪ್ಪ. ಬಸ್‌ಸ್ಟ್ಯಾಂಡಿಗೇ ಬಿಟ್ಬಿಡು.”

ಒಂದು ಕಾಲು ಆಟೋದೊಳಗಿಟ್ಟಿದ್ದರು. ಮಹತೋನ ಹೆಂಡತಿ ಜಗಲಿಯಿಂದ ಇಳಿದು ಬಂದಳು. ಅವಳಿಗೆ ಇದ್ದ ಕನ್ನಡ ಅಷ್ಟೇ.

“ಬನ್ನಿ ಅಮ್ಮಾ,” ಎಂದಳು. “ಊಟ ಮಾಡಾನ.”

ಪಾಪಮ್ಮತ್ತೆ ಅವಳ ಮುಖ ನೋಡಿದರು. ನಾನು ಉತ್ತರಕ್ಕೆ ಕಾದೆ.

“ಹೂಂ,” ಎಂದರು ಪಾಪಮ್ಮತ್ತೆ.

ಒಂದನೇ ಕರೆಗೇ ಚಪ್ಪಲಿ ಬಿಟ್ಟರು. ತಮ್ಮ ಮನೆಯ ನಲ್ಲಿಯಲ್ಲಿ ಅತಿಥಿಯ ಹಾಗೆ ಕಾಲು ತೊಳೆದು, ತಮ್ಮ ಮನೆಯ ಜಗಲಿಯ ಮೇಲೆ, ಗಂಡ ಕೂರುವ ಜಾಗದಲ್ಲಿ, ಬೀದಿಗೆ ಮುಖ ಮಾಡಿ ಕೂತರು. ಭೀಮಾರಾಮನ ತಾಯಿ ಆ ತುದಿಯಿಂದ ಪಲ್ಯ ಕಳಿಸಿದರು. ಶೀಜಾ ಈ ತುದಿಯಿಂದ ಸಾರು ಬಡಿಸಿದರು. ಪಾಪಮ್ಮತ್ತೆ ನಾಲ್ಕು ತುತ್ತು ಉಂಡು, ಐದನೆಯ ತುತ್ತಿಗೆ ತಲೆ ಎತ್ತಿದರು.

“ಆ ಮನುಷ್ಯ ಯಾಕಂಗೆ ನಿಂತವ್ನೆ?”

“ಅವರ ಊಟ ಆಯ್ತಂತ್ರೀ,” ಎಂದರು ಪಾಟೀಲರು.

“ಆಗಿಲ್ಲ. ಹಾಕ್ರಿ ಅವ್ರಿಗೊಂದು ತಟ್ಟೆ. ನಮ್ಮೋರು ಬ್ಯಾಡ ಅಂದ್ರೆ ಬೇಕು ಅಂತ.”

“ಬೇಕು ಅಂದ್ರೆ?” ಎಂದು ಶೀಜಾ ಕೇಳಿದರು.

“ಅಂಗೆ ಅಂದೋರು ನಮ್ಮಲ್ಲಿ ಇರ್ಲಿಲ್ಲ. ಈಗ ನಾನೊಬ್ಳು.”

ತಮ್ಮಯ್ಯನವರು ಜಗಲಿ ಹತ್ತಿ ಹೆಂಡತಿಯ ಎದುರಿಗೆ ಕೂತರು. ಪಾಪಮ್ಮತ್ತೆ ತಮ್ಮ ತಟ್ಟೆಯಿಂದ ಒಂದು ಉಂಡೆ ತೆಗೆದು ಅವರ ತಟ್ಟೆಗೆ ಹಾಕಿದರು. ಅಗಿಯಬೇಕು ಎಂದು ಮಹತೋ ದವಡೆ ಆಡಿಸಿದ. ಹೋಗಬೇಕೋ ನಿಲ್ಲಬೇಕೋ ತಿಳಿಯದೆ ಆಟೋದವನು ಹಾರ್ನ್ ಮಾಡಿದ. ಯಾರೂ ಅತ್ತ ನೋಡಲಿಲ್ಲ. ಅವನು ಹೋದ.

“ಸ್ಪೂರ್ತೀ, ನೀನೂ ಬಾರೇ,” ಎಂದು ಪಾಪಮ್ಮತ್ತೆ ಕೂಗಿದರು.

“ಆಯ್ತು ಅತ್ತೆ, ನೀವು ಮಾಡಿ,” ಎಂದೆ.

ಉಳಿದವರೆಲ್ಲ ಸರಿಯೆಂದು ತಟ್ಟೆಗೆ ತಿರುಗಿದರು. ಪಾಪಮ್ಮತ್ತೆ ಒಬ್ಬರು ನನ್ನನ್ನೇ ನೋಡುತ್ತಿದ್ದರು. “ಬಾ ಅಂದ್ರೆ ಬಾ,” ಎಂದರು.

ಮೂರನೇ ಕರೆಗೆ ಕಾಯಬೇಕೆಂಬುದು ಶಾಸ್ತ್ರ. ನಾನು ಎರಡನೆಯದಕ್ಕೇ ಗೇಟು ತೆರೆದೆ.

ನಾನು ಕೂತು ರೊಟ್ಟಿ ಮುರಿಯುವಾಗ ಕೊರಿಯರ್‌ನವನೊಬ್ಬ ಬೈಕು ನಿಲ್ಲಿಸಿ ಯಾವುದೋ ಮನೆಯ ವಿಳಾಸ ಕೇಳಿದ. ತಮ್ಮಯ್ಯನವರ ಬಾಯಿಯಲ್ಲಿ ಉಂಡೆ ಇತ್ತು. ಪಾಪಮ್ಮತ್ತೆ ಗಂಡನ ಬಾಯಿಯನ್ನೇ ನೋಡಿದರು. ನಾವೆಲ್ಲರೂ ನೋಡಿದೆವು. ತಮ್ಮಯ್ಯನವರು ನಿಧಾನವಾಗಿ ಅಗಿದರು. ನುಂಗಿದರು.

“ಬನ್ನಿ, ಊಟ ಮಾಡಾನ!” ಎಂದರು.

ಅವನು ಗಾಡಿಗೆ ಸ್ಟ್ಯಾಂಡ್ ಹಾಕಿ ಹೆಲ್ಮೆಟ್ ತೆಗೆದ. ಪಾಪಮ್ಮತ್ತೆ ಸ್ವಲ್ಪ ಸರಿದು ಕೂತರು.